ಒಂದು ಹೋಬಳಿಯಷ್ಟು ಜನರಿರುವ ದೇಶ ತನ್ನ ಸರ್ವರ್‌ಗಳನ್ನು ಕಾಯುವುದು ಹೇಗೆ? ಪೆಸಿಫಿಕ್ ದ್ವೀಪರಾಷ್ಟ್ರಗಳ ಸೈಬರ್ ಸಹಕಾರದ ಕುರಿತು ಚರ್ಚೆ

ಕಡಲದಾರಿ (ಚರ್ಚೆಯ ಆರಂಭ)

2022ರ ನವೆಂಬರ್ ಮೊದಲ ವಾರದಲ್ಲಿ ಸೈಬರ್ ದಾಳಿಯೊಂದರಿಂದ ವನುವಾಟು ದೇಶದ ಸರ್ಕಾರಿ ಕಚೇರಿಗಳಲ್ಲಿ ಇಮೇಲ್ ತೆರೆಯುವುದು ನಿಂತುಹೋಯಿತು. ಹೊಸ ಪ್ರಧಾನಿ ಅಧಿಕಾರ ವಹಿಸಿಕೊಂಡು ಎರಡು ಮೂರು ದಿನಗಳಷ್ಟೇ ಆಗಿದ್ದವು. ಸಚಿವಾಲಯಗಳ ಜಾಲತಾಣಗಳು, ತೆರಿಗೆ ಪಾವತಿ, ಪರವಾನಗಿ ವಿತರಣೆ, ಆಸ್ಪತ್ರೆಯ ದಾಖಲೆಗಳು, ಹೀಗೆ ಸರ್ಕಾರದ ಒಂದೇ ಜಾಲವನ್ನು ನಂಬಿಕೊಂಡಿದ್ದ ಕೆಲಸಗಳೆಲ್ಲ ಒಟ್ಟಿಗೆ ಕುಸಿದವು. ನೌಕರರು ಸ್ವಂತ ಜಿಮೇಲ್ ಖಾತೆಗಳಿಂದ ಪತ್ರ ಕಳಿಸಿದರು, ಕೆಲವೆಡೆ ಹಳೆಯ ಟೈಪ್‌ರೈಟರ್‌ಗಳನ್ನು ಹೊರತೆಗೆದರು, ಆಸ್ಪತ್ರೆಯವರು ಪೆನ್ನು ಕಾಗದಕ್ಕೆ ಮರಳಿದರು. ಯಾವ ಇಲಾಖೆಯನ್ನು ಯಾವ ಸಂಖ್ಯೆಯಲ್ಲಿ ಸಂಪರ್ಕಿಸಬೇಕೆಂದು ತಿಳಿಯಲು ಜನರು ಮುದ್ರಿತ ದೂರವಾಣಿ ಪುಸ್ತಕವನ್ನು ತಿರುವಿ ಹಾಕಬೇಕಾಯಿತು. ಈ ಸ್ಥಿತಿ ವಾರಗಳ ಕಾಲ ಮುಂದುವರಿಯಿತು.

ವನುವಾಟುವಿನ ಒಟ್ಟು ಜನಸಂಖ್ಯೆ ಸುಮಾರು 3 ಲಕ್ಷ. ನಮ್ಮ ಕೊಡಗು ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 5.5 ಲಕ್ಷ ಜನರಿದ್ದರು. ಅದಕ್ಕಿಂತ ಕಡಿಮೆ ಜನರು ಸುಮಾರು 80 ದ್ವೀಪಗಳಲ್ಲಿ ಹರಡಿಕೊಂಡು ಒಂದು ಸಾರ್ವಭೌಮ ರಾಷ್ಟ್ರವಾಗಿದ್ದಾರೆ. ಅವರಿಗೂ ಖಜಾನೆ, ಪಾಸ್‌ಪೋರ್ಟ್, ಭೂದಾಖಲೆ, ನ್ಯಾಯಾಲಯ, ಪೊಲೀಸ್ ಎಲ್ಲವೂ ಬೇಕು, ಮತ್ತು ಇವೆಲ್ಲವನ್ನೂ ಈಗ ಕಂಪ್ಯೂಟರ್‌ನಲ್ಲೇ ನಡೆಸಬೇಕು. ಟುವಾಲು ಮತ್ತು ನೌರು ದೇಶಗಳಲ್ಲಿ ತಲಾ ಸುಮಾರು 10ರಿಂದ 12 ಸಾವಿರ ಜನರಿದ್ದಾರೆ, ಅಂದರೆ ನಮ್ಮ ಒಂದು ಸಣ್ಣ ಹೋಬಳಿಯಷ್ಟು. ದಾಳಿ ಮಾಡುವವನಿಗೆ ಮಾತ್ರ ಈ ಅಳತೆ ಲೆಕ್ಕಕ್ಕೇ ಬರುವುದಿಲ್ಲ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ, ದೊಡ್ಡ ದೇಶದ ಮೇಲೆ ಬಳಸುವ ರ್‍ಯಾನ್ಸಮ್‌ವೇರನ್ನೇ ಅವನು ಇಲ್ಲಿಯೂ ಬಳಸುತ್ತಾನೆ.

ಒಟ್ಟಾಗುವ ಪ್ರಯತ್ನ ಇಲ್ಲಿ ಹೊಸದಲ್ಲ. 2010ರ ದಶಕದ ಮೊದಲ ವರ್ಷಗಳಲ್ಲಿ ಫಿಜಿಯ ಸುವಾದಲ್ಲಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ‘ಪ್ಯಾಕ್‌ಸರ್ಟ್’ ಎಂಬ ಪ್ರಾದೇಶಿಕ ಸೈಬರ್ ತುರ್ತು ತಂಡ ಹುಟ್ಟಿತು. ಎಲ್ಲ ದ್ವೀಪಗಳಿಗೂ ಒಂದೇ ತಂಡ ಸಾಕು ಎಂಬುದು ಅದರ ಕಲ್ಪನೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಹಣವಿಲ್ಲದೆ ನಿಂತುಹೋಯಿತು. ಅನಂತರ ದೇಶಗಳು ತಮ್ಮದೇ ತಂಡಗಳನ್ನು ಕಟ್ಟತೊಡಗಿದವು. ಟೋಂಗಾ 2016ರಲ್ಲಿ ಮೊದಲ ಹೆಜ್ಜೆಯಿಟ್ಟಿತು, 2018ರಲ್ಲಿ ವನುವಾಟು ಮತ್ತು ಪಪುವಾ ನ್ಯೂ ಗಿನಿ ಹಿಂಬಾಲಿಸಿದವು. ಈ ತಂಡಗಳನ್ನೂ, ತಂಡವಿಲ್ಲದ ದೇಶಗಳ ನಿಯೋಜಿತ ಅಧಿಕಾರಿಗಳನ್ನೂ ಒಂದು ಕೊಂಡಿಯಲ್ಲಿ ತರಲು ‘ಪ್ಯಾಕ್ಸನ್’, ಅಂದರೆ ಪೆಸಿಫಿಕ್ ಸೈಬರ್ ಭದ್ರತಾ ಕಾರ್ಯಾಚರಣಾ ಜಾಲ, ಶುರುವಾಯಿತು. 2018ರ ಸೆಪ್ಟೆಂಬರ್‌ನಲ್ಲಿ ನೌರುವಿನಲ್ಲಿ ಸೇರಿದ್ದ ಪೆಸಿಫಿಕ್ ದ್ವೀಪಗಳ ವೇದಿಕೆಯ ನಾಯಕರು ಬೋಯಿ ಘೋಷಣೆಯಲ್ಲಿ, ಹವಾಮಾನ ಬದಲಾವಣೆಯೇ ಅತಿದೊಡ್ಡ ಅಪಾಯವೆಂದು ಹೇಳುತ್ತಲೇ, ಸೈಬರ್ ಭದ್ರತೆಯನ್ನೂ ಭದ್ರತೆಯ ವಿಸ್ತೃತ ಅರ್ಥದೊಳಗೆ ಸೇರಿಸಿದರು.

ಇಲ್ಲಿ ನಿಜವಾದ ಕೊರತೆ ಇರುವುದು ಯಂತ್ರಗಳದ್ದಲ್ಲ, ಕೆಲಸ ಬಲ್ಲ ಜನರದ್ದು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಪ್ರಾದೇಶಿಕ ಸಹಕಾರವೆಂದರೆ ಮೊದಲು ಜನರನ್ನು ಹಂಚಿಕೊಳ್ಳುವ ವ್ಯವಸ್ಥೆಯಾಗಬೇಕು, ಒಪ್ಪಂದ ಮತ್ತು ಉಪಕರಣಗಳು ಅದರ ಹಿಂದೆ ಬರಬೇಕು. ಈ ಕ್ಷೇತ್ರಗಳಲ್ಲಿ ಕೆಲಸ ಮಾಡಿದವರು ಇಲ್ಲಿ ಹಲವರಿದ್ದೀರಿ. ನಿಮ್ಮ ಅನುಭವ ಏನು ಹೇಳುತ್ತದೆ?

ಸರ್ವರ್‌ಕೋಣೆ

ಕಡಲದಾರಿಯವರ ಮಾತನ್ನು ಒಪ್ಪುತ್ತೇನೆ. ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿರುವವನಾಗಿ ಇನ್ನಷ್ಟು ಸೇರಿಸುತ್ತೇನೆ.

ದಾಳಿಯಾದ ಮೇಲಿನ ಮೊದಲ ಮೂರು ದಿನ ನಿದ್ದೆ ಎಂಬುದು ಇರುವುದಿಲ್ಲ. ಒಬ್ಬರು ಲಾಗ್‌ಗಳನ್ನು, ಅಂದರೆ ಯಂತ್ರಗಳು ಬರೆದಿಟ್ಟ ಚಟುವಟಿಕೆಯ ದಾಖಲೆಗಳನ್ನು, ಓದುತ್ತಿರಬೇಕು, ಇನ್ನೊಬ್ಬರು ಸೋಂಕು ತಗುಲಿದ ಯಂತ್ರಗಳನ್ನು ಜಾಲದಿಂದ ಬೇರ್ಪಡಿಸುತ್ತಿರಬೇಕು, ಮತ್ತೊಬ್ಬರು ಬ್ಯಾಕಪ್ ಶುದ್ಧವಾಗಿದೆಯೇ ಎಂದು ಪರೀಕ್ಷಿಸುತ್ತಿರಬೇಕು, ಮಗದೊಬ್ಬರು ಮೇಲಧಿಕಾರಿಗಳಿಗೂ ಪತ್ರಿಕೆಗಳಿಗೂ ಉತ್ತರ ಕೊಡುತ್ತಿರಬೇಕು. ನಮ್ಮಂಥ ಮಧ್ಯಮ ಗಾತ್ರದ ಕಂಪನಿಯಲ್ಲೂ ಇದಕ್ಕೆ ಪಾಳಿಯ ಮೇಲೆ ಹತ್ತಾರು ಜನ ಬೇಕಾಗುತ್ತಾರೆ. ಇಡೀ ದೇಶದ ತಂಡದಲ್ಲಿ ಮೂವರೋ ನಾಲ್ವರೋ ಇದ್ದು, ಅವರಲ್ಲಿ ಒಬ್ಬರು ರಜೆಯಲ್ಲಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ತರಬೇತಿ ಪಡೆದು ಪಳಗಿದವರು ಹೆಚ್ಚಿನ ಸಂಬಳಕ್ಕೆ ಹೊರದೇಶಕ್ಕೆ ಹೋಗುವುದೂ ಸಹಜ, ಅದಕ್ಕಾಗಿ ಅವರನ್ನು ದೂರಲಾಗದು.

ಹಾಗಾದರೆ ನೆರೆಯ ದೇಶದಿಂದ ಏನು ಸಿಗಬಹುದು? ತಾಂತ್ರಿಕವಾಗಿ ಅತಿ ಬೆಲೆಬಾಳುವ ವಸ್ತು ಬಹಳ ಚಿಕ್ಕದು: ದಾಳಿಕೋರನ ಸರ್ವರ್ ವಿಳಾಸ, ಅವನು ಬಿಟ್ಟುಹೋದ ಕಡತದ ಗುರುತು, ಫಿಶಿಂಗ್ ಪತ್ರದ (ನಂಬಿಸಿ ಮೋಸಮಾಡುವ ಇಮೇಲ್‌ನ) ವಿಷಯಸಾಲು. ಟೋಂಗಾದಲ್ಲಿ ಸೋಮವಾರ ಕಂಡ ವಿಳಾಸ ಸಮೋವಾಕ್ಕೆ ಅದೇ ದಿನ ತಲುಪಿದರೆ ಅಲ್ಲಿ ಫೈರ್‌ವಾಲ್‌ನಲ್ಲಿ ಒಂದು ಸಾಲು ಸೇರಿಸಿ ಬಾಗಿಲು ಮುಚ್ಚಬಹುದು. ಎರಡು ವಾರ ತಡವಾದರೆ ಅದು ಇತಿಹಾಸದ ದಾಖಲೆಯಷ್ಟೇ. ಆದರೆ ಇಂಥ ಮಾಹಿತಿ ಕೊಡುವುದೆಂದರೆ ನಮ್ಮ ಮನೆಗೆ ಕಳ್ಳ ನುಗ್ಗಿದ್ದನ್ನು ಒಪ್ಪಿಕೊಂಡಂತೆ. ಆದ್ದರಿಂದಲೇ ನಮ್ಮ ವೃತ್ತಿಯಲ್ಲಿ ಟ್ರಾಫಿಕ್ ಲೈಟ್ ಪದ್ಧತಿ ಇದೆ. ಕೆಂಪು ಗುರುತಿನ ಮಾಹಿತಿ ಕೇಳಿಸಿಕೊಂಡವರ ಬಳಿಯೇ ಉಳಿಯಬೇಕು, ಹಳದಿಯದು ಸಂಸ್ಥೆಯೊಳಗೂ ಅದರ ಗ್ರಾಹಕರಲ್ಲೂ ಅಗತ್ಯವಿದ್ದವರಿಗೆ ಮಾತ್ರ ಹೋಗಬಹುದು, ಹಸಿರಿನದನ್ನು ಸಮುದಾಯದೊಳಗೆ ಹಂಚಬಹುದು. ಈ ಬಣ್ಣಗಳಿಗೆ ಯಾವ ಕಾನೂನಿನ ಬಲವೂ ಇಲ್ಲ. ಮುಖ ನೋಡಿ, ಜೊತೆಯಲ್ಲಿ ಕುಳಿತು ಊಟ ಮಾಡಿದವರ ನಡುವೆ ಮಾತ್ರ ಅವು ಕೆಲಸ ಮಾಡುತ್ತವೆ. ವರ್ಷಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರುವ ಸಭೆಗಳನ್ನು ಹೊರಗಿನವರು ದುಂದುವೆಚ್ಚವೆಂದು ಭಾವಿಸಬಹುದು. ನನ್ನ ಪ್ರಕಾರ ಆ ಜಾಲದ ಹೃದಯ ಇರುವುದೇ ಅಲ್ಲಿ.

ಬ್ಯಾಕಪ್ ವಿಷಯದಲ್ಲಿ ಶ್ರೀಲಂಕಾದ ಪಾಠವನ್ನು ಯಾರೂ ಮರೆಯಬಾರದು. 2023ರಲ್ಲಿ ಅಲ್ಲಿನ ಸರ್ಕಾರಿ ಕ್ಲೌಡ್ (ಜಾಲದ ಮೂಲಕ ಬಳಸುವ ಸರ್ವರ್‌ಗಳ ವ್ಯವಸ್ಥೆ) ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾದಾಗ ಸುಮಾರು 5,000 ಸರ್ಕಾರಿ ಇಮೇಲ್ ಖಾತೆಗಳ ಮೇ 17ರಿಂದ ಆಗಸ್ಟ್ 26ರವರೆಗಿನ ಪತ್ರಗಳು ಶಾಶ್ವತವಾಗಿ ನಷ್ಟವಾದವು, ಏಕೆಂದರೆ ಆ ಅವಧಿಯ ಆನ್‌ಲೈನ್ ಬ್ಯಾಕಪ್ ಕೂಡ ದಾಳಿಗೆ ಸಿಕ್ಕಿತ್ತು. ನೆರೆಯ ದೇಶದಲ್ಲಿ ಬೀಗ ಹಾಕಿದ ಒಂದು ಪ್ರತಿ ಇರಿಸುವ ಪರಸ್ಪರ ವ್ಯವಸ್ಥೆ ದ್ವೀಪಗಳಿಗೆ ತುಂಬಾ ಹೊಂದುತ್ತದೆ. ಚಂಡಮಾರುತ, ಜ್ವಾಲಾಮುಖಿಗಳಿಗೂ ಅದೇ ಪ್ರತಿ ಉಪಯೋಗಕ್ಕೆ ಬರುತ್ತದೆ.

ನಿವೃತ್ತ ಬ್ಯಾಂಕರ್

ಪೆಸಿಫಿಕ್ ಬಗ್ಗೆ ನನಗೆ ಹೆಚ್ಚು ತಿಳಿಯದು. ಆದರೆ ವಿದೇಶಿ ವಿನಿಮಯ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಬಾಂಗ್ಲಾದೇಶ ಬ್ಯಾಂಕ್ ಪ್ರಕರಣವನ್ನು ಇಲ್ಲಿ ತರಲೇಬೇಕು. ಬಾಂಗ್ಲಾದೇಶ ಜನಸಂಖ್ಯೆಯಲ್ಲಿ ಸಣ್ಣದಲ್ಲ, ನಿಜ. ಆದರೂ ಗಡಿಯಾಚೆ ಒಂದು ದೂರವಾಣಿ ಕರೆಗೆ ಉತ್ತರಿಸುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

2016ರ ಫೆಬ್ರುವರಿ 4ರ ಗುರುವಾರ ರಾತ್ರಿ, ಢಾಕಾದ ಕೇಂದ್ರ ಬ್ಯಾಂಕಿನಲ್ಲಿ, ಬ್ಯಾಂಕುಗಳ ನಡುವೆ ಪಾವತಿ ಸಂದೇಶ ಸಾಗಿಸುವ ಸ್ವಿಫ್ಟ್ ವ್ಯವಸ್ಥೆಯೊಳಗೆ ಸೇರಿಕೊಂಡಿದ್ದವರು ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಬಾಂಗ್ಲಾದೇಶದ ಖಾತೆಯಿಂದ ಹಣ ವರ್ಗಾಯಿಸುವಂತೆ 35 ಸಂದೇಶಗಳನ್ನು ಕಳಿಸಿದರು. ಒಟ್ಟು ಮೊತ್ತ ಸುಮಾರು 95 ಕೋಟಿ ಡಾಲರ್. ಮರುದಿನ ಶುಕ್ರವಾರ, ಬಾಂಗ್ಲಾದೇಶದಲ್ಲಿ ವಾರದ ರಜೆ. ಸಂದೇಶಗಳನ್ನು ಮುದ್ರಿಸಬೇಕಾದ ಪ್ರಿಂಟರ್ ಕೆಲಸ ಮಾಡುತ್ತಿರಲಿಲ್ಲ, ಅದನ್ನು ಸಾಮಾನ್ಯ ದೋಷವೆಂದೇ ಸಿಬ್ಬಂದಿ ತಿಳಿದರು. ಅವರಿಗೆ ವಿಷಯ ಅರ್ಥವಾಗುವ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ವಾರಾಂತ್ಯ ಆರಂಭವಾಗಿತ್ತು. ಸೋಮವಾರ, ಫೆಬ್ರುವರಿ 8ರಂದು, ಹಣ ತಲುಪಿದ್ದ ಫಿಲಿಪ್ಪೀನ್ಸ್‌ನಲ್ಲಿ ಚೀನೀ ಹೊಸ ವರ್ಷದ ರಜೆ. ಪಾವತಿ ತಡೆಯಿರಿ ಎಂಬ ಕೋರಿಕೆ ಮನಿಲಾದ ಬ್ಯಾಂಕ್ ತಲುಪಿದ್ದರೂ ಮಂಗಳವಾರ ಆ ಖಾತೆಗಳಿಂದ ಹಣ ಹೊರಗೆ ಹೋಯಿತು. ಕಳ್ಳರು ಮೂರು ದೇಶಗಳ ಪಂಚಾಂಗವನ್ನು ಜೋಡಿಸಿ ದಿನ ಆರಿಸಿದ್ದರು.

ಮೂವತ್ತು ಸಂದೇಶಗಳು ನ್ಯೂಯಾರ್ಕ್‌ನಲ್ಲೇ ತಡೆಹಿಡಿಯಲ್ಪಟ್ಟವು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್, ಸ್ವೀಕರಿಸುವ ಸಂಸ್ಥೆಯ ಹೆಸರಿನಲ್ಲಿದ್ದ ಕಾಗುಣಿತದ ತಪ್ಪಿನಿಂದ ಅನುಮಾನಕ್ಕೆ ಸಿಕ್ಕಿ ಹಿಂದಿರುಗಿತು. ಫಿಲಿಪ್ಪೀನ್ಸ್ ತಲುಪಿದ 8.1 ಕೋಟಿ ಡಾಲರ್ ಮಾತ್ರ ಕ್ಯಾಸಿನೊಗಳ ಮೂಲಕ ಕರಗಿತು. ಅಲ್ಲಿನ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಆಗ ಕ್ಯಾಸಿನೊಗಳು ಬರುತ್ತಿರಲಿಲ್ಲ. 2017ರಲ್ಲಿ ತಿದ್ದುಪಡಿಯಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ನಮ್ಮಲ್ಲಿ ಹೇಳುವುದು ಇದಕ್ಕೇ.

ಇನ್ನೊಂದು ನೋವಿನ ಸಂಗತಿಯಿದೆ. ಢಾಕಾದ ಬ್ಯಾಂಕ್ ಈ ವಿಷಯವನ್ನು ತನ್ನ ಹಣಕಾಸು ಸಚಿವರಿಗೇ ಸುಮಾರು ಒಂದು ತಿಂಗಳು ತಿಳಿಸಿರಲಿಲ್ಲ. ದೇಶದ ಜನರಿಗೆ ಸುದ್ದಿ ಗೊತ್ತಾದದ್ದು ಫಿಲಿಪ್ಪೀನ್ಸ್‌ನ ಪತ್ರಿಕೆಯಿಂದ. ಗವರ್ನರ್ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ತಪ್ಪು ಹೊರಬಿದ್ದರೆ ಮಾನ ಹೋಗುತ್ತದೆ ಎಂಬ ಭಯ ನನ್ನ ಸೇವಾವಧಿಯಲ್ಲೂ ಇತ್ತು. ಒಮ್ಮೆ ನಾನಿದ್ದ ಶಾಖೆಯಲ್ಲೇ ಒಂದು ವಂಚನೆಯ ವರದಿಯನ್ನು ವಾರ್ಷಿಕ ತಪಾಸಣೆ ಮುಗಿಯುವವರೆಗೆ ತಡೆದು ಇರಿಸಲಾಯಿತು, ಅಷ್ಟರಲ್ಲಿ ಅದೇ ತಂತ್ರದಿಂದ ಪಕ್ಕದ ಜಿಲ್ಲೆಯ ಶಾಖೆಯೊಂದು ಹಣ ಕಳೆದುಕೊಂಡಿತು. ಆ ತಡೆಗೆ ನಾನೂ ಸಹಿ ಹಾಕಿದ್ದೆ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಸರ್ವರ್‌ಕೋಣೆಯವರು ಹೇಳಿದ ಬಣ್ಣಗಳ ಪದ್ಧತಿ ಆಗ ನಮಗೆ ಇದ್ದಿದ್ದರೆ ಹೆಸರು ಹೇಳದೆಯೇ ಪಕ್ಕದವರನ್ನು ಎಚ್ಚರಿಸಬಹುದಿತ್ತು.

ಕಾನೂನುಪುಟ

ಹಿರಿಯರು ಬರೆದದ್ದನ್ನು ಓದಿ ಮನಸ್ಸು ಭಾರವಾಯಿತು. ಕಾನೂನಿನ ಕಡೆಯಿಂದ ಒಂದು ಮಾತು.

ಎಚ್ಚರಿಕೆ ಹಂಚುವುದಕ್ಕೆ ಸ್ನೇಹ ಸಾಕು, ಆದರೆ ಅಪರಾಧಿಯನ್ನು ನ್ಯಾಯಾಲಯದ ಮುಂದೆ ನಿಲ್ಲಿಸಲು ಸಾಲದು. ಸರ್ವರ್ ಒಂದು ದೇಶದಲ್ಲಿ, ದಾಳಿಕೋರ ಇನ್ನೊಂದರಲ್ಲಿ, ಹಣ ಮೂರನೆಯದರಲ್ಲಿ ಇರುವಾಗ, ಲಾಗ್ ಅಳಿಸಿಹೋಗುವ ಮುನ್ನ ಅದನ್ನು ಕಾಯ್ದಿರಿಸುವಂತೆ ಅಲ್ಲಿನ ಅಧಿಕಾರಿಗೆ ಕೇಳುವ ಹಕ್ಕು ಬೇಕು. ಸೈಬರ್ ಅಪರಾಧದ ಕುರಿತ ಅಂತರರಾಷ್ಟ್ರೀಯ ಬುಡಾಪೆಸ್ಟ್ ಒಪ್ಪಂದ ಇದಕ್ಕಾಗಿ ಪ್ರತಿ ಸದಸ್ಯ ದೇಶದಲ್ಲೂ ದಿನದ 24 ಗಂಟೆ, ವಾರದ 7 ದಿನ ಲಭ್ಯವಿರುವ ಸಂಪರ್ಕ ಕೇಂದ್ರವನ್ನು ಕಡ್ಡಾಯಗೊಳಿಸಿದೆ. ದಕ್ಷಿಣ ಏಷ್ಯಾದಲ್ಲಿ ಶ್ರೀಲಂಕಾ 2015ರಲ್ಲಿ, ಪೆಸಿಫಿಕ್ ದ್ವೀಪಗಳಲ್ಲಿ ಟೋಂಗಾ 2017ರಲ್ಲಿ ಅದನ್ನು ಮೊದಲು ಸೇರಿದವು. ಸುಮಾರು ಒಂದು ಲಕ್ಷ ಜನರಿರುವ ಟೋಂಗಾ ಇದಕ್ಕಾಗಿ ತನ್ನ ಕಾನೂನುಗಳನ್ನು ಹೊಂದಿಸಿಕೊಂಡದ್ದು ಸಣ್ಣ ಸಾಧನೆಯಲ್ಲ.

ಪ್ರಾದೇಶಿಕ ಒಪ್ಪಂದಕ್ಕೇ ಕಾದು ಕೂತರೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಆಫ್ರಿಕಾ ನಿದರ್ಶನ. ಸೈಬರ್ ಭದ್ರತೆಯ ಕುರಿತ ಆಫ್ರಿಕನ್ ಒಕ್ಕೂಟದ ಮಲಾಬೊ ಒಪ್ಪಂದ 2014ರ ಜೂನ್‌ನಲ್ಲಿ ಅಂಗೀಕಾರವಾಯಿತು, ಬೇಕಿದ್ದ 15 ಅನುಮೋದನೆಗಳು ಒಟ್ಟಾಗಿ ಜಾರಿಗೆ ಬಂದದ್ದು 2023ರ ಜೂನ್‌ನಲ್ಲಿ. ಒಂಬತ್ತು ವರ್ಷ! ವಿಶ್ವಸಂಸ್ಥೆಯ ಸೈಬರ್ ಅಪರಾಧ ಒಪ್ಪಂದ 2024ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ 2025ರ ಅಕ್ಟೋಬರ್‌ನಲ್ಲಿ ಹನೋಯಿಯಲ್ಲಿ ಸಹಿಗೆ ತೆರೆದುಕೊಂಡಿತು, ಅದು ಜಾರಿಗೆ ಬರಲು 40 ಅನುಮೋದನೆಗಳು ಬೇಕು. ಪತ್ರಕರ್ತರ ಮತ್ತು ಭಿನ್ನಮತೀಯರ ಮೇಲೆ ಕಣ್ಗಾವಲಿಗೆ ಅದು ದಾರಿ ಮಾಡಿಕೊಡಬಹುದೆಂಬ ಮಾನವ ಹಕ್ಕು ಸಂಘಟನೆಗಳ ಆತಂಕವನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ. ಸಣ್ಣ ದೇಶವೊಂದರ ಬಳಿ ದೊಡ್ಡ ದೇಶ ಮಾಹಿತಿ ಕೇಳಿದಾಗ ಇಲ್ಲವೆನ್ನುವ ಧೈರ್ಯ ಮತ್ತು ಕಾನೂನು ಪರಿಣತಿ ಎರಡೂ ಆ ದೇಶಕ್ಕೆ ಬೇಕಾಗುತ್ತವೆ.

ಮಲೆನಾಡ ಓದುಗ

ಎಲ್ಲರ ಮಾತನ್ನೂ ಗೌರವದಿಂದ ಓದಿದ್ದೇನೆ. ಆದರೆ ಒಂದು ಮೂಲಭೂತ ಪ್ರಶ್ನೆಯನ್ನು ಯಾರೂ ಎತ್ತಿಲ್ಲ.

ನಮ್ಮೂರಿನಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಅದರಲ್ಲಿ ಒಬ್ಬರ ಋಣ ಇನ್ನೊಬ್ಬರ ಮೇಲೆ ಶಾಶ್ವತವಾಗಿ ಉಳಿಯುತ್ತಿರಲಿಲ್ಲ. ಆದರೆ ಜಮೀನ್ದಾರನೊಬ್ಬ ತನ್ನ ಆಳುಗಳನ್ನು ಕಳಿಸಿ ನಮ್ಮ ನಾಟಿ ಮುಗಿಸಿಕೊಟ್ಟರೆ ಅದು ಮುಯ್ಯಾಳಲ್ಲ, ಉಪಕಾರ. ಉಪಕಾರಕ್ಕೆ ಪ್ರತಿಯಾಗಿ ಅವನು ಏನನ್ನಾದರೂ ನಿರೀಕ್ಷಿಸಿಯೇ ನಿರೀಕ್ಷಿಸುತ್ತಾನೆ.

ಪ್ಯಾಕ್ಸನ್‌ಗೆ ಹಣ ಕೊಡುವುದು ಆಸ್ಟ್ರೇಲಿಯಾ, ಅದರ ಕಾರ್ಯದರ್ಶಿ ಕಚೇರಿಯನ್ನು ನಡೆಸುವುದೂ ಆಸ್ಟ್ರೇಲಿಯಾದ ಸೈಬರ್ ಭದ್ರತಾ ಸಂಸ್ಥೆ. ವನುವಾಟುವಿನ ನೆರವಿಗೆ ತಂಡ ಬಂದದ್ದೂ ಅಲ್ಲಿಂದ. ಸಿಡ್ನಿಯಿಂದ ಪಪುವಾ ನ್ಯೂ ಗಿನಿಯ ಪೋರ್ಟ್ ಮೊರೆಸ್ಬಿ ಮತ್ತು ಸೊಲೊಮನ್ ದ್ವೀಪಗಳ ಹೊನಿಯಾರಾಗೆ ಸುಮಾರು 4,700 ಕಿ.ಮೀ. ಉದ್ದದ, ಕಡಲಡಿಯ ಕೋರಲ್ ಸೀ ಇಂಟರ್‌ನೆಟ್ ಕೇಬಲ್ ಹಾಕಲು ಆಸ್ಟ್ರೇಲಿಯಾ ಬಹುಪಾಲು ವೆಚ್ಚ ಭರಿಸಿದ್ದರ ಹಿಂದೆ, ಆ ಕೆಲಸ ಚೀನಾದ ಕಂಪನಿಗೆ ಸಿಗಬಾರದೆಂಬ ಉದ್ದೇಶವಿತ್ತು. ದ್ವೀಪಗಳ ಭದ್ರತೆ ಇಲ್ಲಿ ಗುರಿಯೋ, ದೊಡ್ಡವರ ಪೈಪೋಟಿಯ ಅಂಗಳವೋ? ಬೇರೊಬ್ಬರ ಸರ್ಕಾರಿ ಜಾಲವನ್ನು ದುರಸ್ತಿ ಮಾಡಲು ಒಳಗೆ ಬಂದವರು ಆ ಜಾಲದ ನಕ್ಷೆಯನ್ನು ತಿಳಿದೇ ತಿಳಿಯುತ್ತಾರೆ.

ಕಡಲದಾರಿ

ಮುಯ್ಯಾಳಿನ ಹೋಲಿಕೆಗೆ ಕೃತಜ್ಞತೆಗಳು. ನಾನು ಹುಡುಕುತ್ತಿದ್ದ ಪದ ಅದೇ. ನಿಮ್ಮ ಆಕ್ಷೇಪಣೆಯ ಬಹುಭಾಗವನ್ನು ಒಪ್ಪುತ್ತೇನೆ.

ಆದರೆ ಉಪಕಾರವನ್ನು ತಿರಸ್ಕರಿಸುವ ಸ್ಥಿತಿಯಲ್ಲಿ ಅವರಿಲ್ಲ. 2021ರ ಅಕ್ಟೋಬರ್‌ನಲ್ಲಿ ಪಪುವಾ ನ್ಯೂ ಗಿನಿಯ ಹಣಕಾಸು ಇಲಾಖೆಯ ಪಾವತಿ ವ್ಯವಸ್ಥೆ, 2024ರ ಮಾರ್ಚ್‌ನಲ್ಲಿ ಸುಮಾರು 18 ಸಾವಿರ ಜನರಿರುವ ಪಲಾವುವಿನ ಹಣಕಾಸು ಸಚಿವಾಲಯ, 2025ರ ಜೂನ್‌ನಲ್ಲಿ ಟೋಂಗಾದ ಆರೋಗ್ಯ ಸಚಿವಾಲಯ, ಇವೆಲ್ಲ ರ್‍ಯಾನ್ಸಮ್‌ವೇರ್‌ಗೆ ಗುರಿಯಾದವು. ರೋಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುವಾಗ ನೆರವು ಯಾರಿಂದ ಬಂತು ಎಂದು ತೂಗಿ ನೋಡಲು ಆಗುವುದಿಲ್ಲ.

ಪ್ಯಾಕ್ಸನ್ ಒಳಗೆ ಮುಯ್ಯಾಳಿನ ಭಾಗವೂ ಇದೆ ಎಂಬುದನ್ನು ಗಮನಿಸಬೇಕು. ಅದರ ಅಧ್ಯಕ್ಷತೆ ಸದಸ್ಯ ದೇಶಗಳ ನಡುವೆ ಸುತ್ತುತ್ತದೆ, ‘ಸೈಬರ್ ಸ್ಮಾರ್ಟ್ ಪೆಸಿಫಿಕ್’ ಎಂಬ ಜಾಗೃತಿ ಅಭಿಯಾನವನ್ನು ದೇಶಗಳು ಒಟ್ಟಾಗಿ ನಡೆಸುತ್ತವೆ. ಟೋಂಗಾದ ಅನುಭವವನ್ನು ಟೋಂಗಾದವರೇ ಸಮೋವಾದವರಿಗೆ ಹೇಳಿದಾಗ ಅದಕ್ಕೆ ಬೇರೆಯೇ ತೂಕವಿರುತ್ತದೆ, ಏಕೆಂದರೆ ಇಬ್ಬರಿಗೂ ಮೂರು ಜನರ ತಂಡವೆಂದರೇನು, ಒಂದೇ ಕೇಬಲ್ ಎಂದರೇನು ಎಂಬುದು ಗೊತ್ತು. 2022ರ ಜನವರಿ 15ರ ಜ್ವಾಲಾಮುಖಿ ಸ್ಫೋಟದಲ್ಲಿ ಟೋಂಗಾವನ್ನು ಫಿಜಿಗೆ ಜೋಡಿಸುವ ಕಡಲಡಿಯ ಕೇಬಲ್ ತುಂಡಾಗಿ ಅಂತರರಾಷ್ಟ್ರೀಯ ಸಂಪರ್ಕ ಸರಿಯಾಗಲು ಐದು ವಾರ ಹಿಡಿಯಿತು. ಎಲ್ಲವನ್ನೂ ಕ್ಲೌಡ್‌ಗೆ ಹಾಕಿಬಿಡಿ ಎಂಬ ಸಲಹೆಯನ್ನು ಅದನ್ನು ಅನುಭವಿಸಿದವರು ಹೇಗೆ ಕೇಳಿಸಿಕೊಳ್ಳುತ್ತಾರೆ, ಯೋಚಿಸಿ.

ಇನ್ನೊಂದು ಮಾತು. ಸಣ್ಣ ನಾಡಿನ ಸಡಿಲ ಬಾಗಿಲು ಲೋಕಕ್ಕೆಲ್ಲ ತಟ್ಟುತ್ತದೆ. ನ್ಯೂಜಿಲೆಂಡ್‌ನ ಅಧೀನದಲ್ಲಿರುವ, ಸುಮಾರು 1,500 ಜನರ ಟೊಕೆಲಾವಿನ ಡಾಟ್ ಟಿಕೆ (.tk) ಜಾಲತಾಣ ವಿಳಾಸಗಳನ್ನು ವಿದೇಶಿ ಕಂಪನಿಯೊಂದು ವರ್ಷಾನುಗಟ್ಟಲೆ ಉಚಿತವಾಗಿ ಹಂಚಿದ್ದರಿಂದ ಕೋಟಿಗೂ ಹೆಚ್ಚು ವಿಳಾಸಗಳು ಹುಟ್ಟಿ, ಫಿಶಿಂಗ್ ಮಾಡುವವರಿಗೆ ಅದು ನೆಚ್ಚಿನ ತಾಣವಾಯಿತು. 2023ರಲ್ಲಿ ಹೊಸ ನೋಂದಣಿ ನಿಂತಿತು. ಆದ್ದರಿಂದ ದೊಡ್ಡ ದೇಶಗಳು ಕೊಡುವ ನೆರವನ್ನು ಸಂಪೂರ್ಣ ಉಪಕಾರವೆಂದು ಕರೆಯಬೇಕಿಲ್ಲ, ಅದರಲ್ಲಿ ಅವರ ಸ್ವಂತ ರಕ್ಷಣೆಯೂ ಅಡಗಿದೆ. ಇದನ್ನು ದ್ವೀಪಗಳು ಮಾತುಕತೆಯ ಮೇಜಿನ ಮೇಲೆ ಗಟ್ಟಿಯಾಗಿ ಹೇಳಬೇಕು.

ಹೊಸ ಓದುಗಳು

ಒಂದು ಚಿಕ್ಕ ಪ್ರಶ್ನೆ. ನಮ್ಮ ಸುತ್ತಲಿನ ಮಾಲ್ಡೀವ್ಸ್, ಭೂತಾನ್, ನೇಪಾಳಗಳಿಗೆ ಇಂಥ ಜಾಲ ಇದೆಯೇ?

ಕಾನೂನುಪುಟ

ಪ್ಯಾಕ್ಸನ್‌ನಂತೆ ದಿನನಿತ್ಯದ ಕಾರ್ಯಾಚರಣೆಗೆಂದೇ ಇರುವ ಜಾಲ ದಕ್ಷಿಣ ಏಷ್ಯಾದಲ್ಲಿ ಬೆಳೆದಿಲ್ಲ. ಸಾರ್ಕ್ ಸಹಜ ವೇದಿಕೆಯಾಗಬೇಕಿತ್ತು, ಆದರೆ ಅದರ ಕೊನೆಯ ಶೃಂಗಸಭೆ ನಡೆದದ್ದು 2014ರಲ್ಲಿ ಕಠ್ಮಂಡುವಿನಲ್ಲಿ. ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಸಂಘಟನೆಯಾದ ಬಿಮ್‌ಸ್ಟೆಕ್‌ನಲ್ಲಿ ಸೈಬರ್ ಭದ್ರತೆಗೆ ತಜ್ಞರ ಗುಂಪೊಂದಿದೆ. ಭಾರತ, ಶ್ರೀಲಂಕಾ, ಮಾಲ್ಡೀವ್ಸ್‌ಗಳ ಸಾಗರ ಭದ್ರತೆಯ ಮಾತುಕತೆಯಾಗಿ ಶುರುವಾಗಿ ಮಾರಿಷಸ್ ಮುಂತಾದವುಗಳಿಗೆ ವಿಸ್ತರಿಸಿದ ಕೊಲಂಬೊ ಭದ್ರತಾ ಸಮಾವೇಶ, 2024ರ ಆಗಸ್ಟ್‌ನಲ್ಲಿ ತನ್ನ ಸನ್ನದಿಗೆ ಸಹಿ ಹಾಕಿತು. ಅದರ ಐದು ಸ್ತಂಭಗಳಲ್ಲಿ ಸೈಬರ್ ಭದ್ರತೆಯೂ ಒಂದು. ಇಲ್ಲಿ ಆಸ್ಟ್ರೇಲಿಯಾದ ಸ್ಥಾನದಲ್ಲಿ ನಾವಿದ್ದೇವೆ. ಮಲೆನಾಡ ಓದುಗರು ಎತ್ತಿದ ಪ್ರಶ್ನೆಯನ್ನು ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ಕುಳಿತ ಅಧಿಕಾರಿ ನಮ್ಮ ಬಗ್ಗೆಯೂ ಕೇಳಿಕೊಳ್ಳುತ್ತಾನೆ, ಮತ್ತು ಹಾಗೆ ಕೇಳಿಕೊಳ್ಳುವುದು ನ್ಯಾಯವೇ.

ಮಲೆನಾಡ ಓದುಗ

ಈ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಹಾಗಾದರೆ ನೆರವು ಕೊಡುವ ದೇಶ ಮೊದಲು ಯಾವ ಷರತ್ತಿಗೆ ತಾನೇ ಒಳಪಡಬೇಕು?

ಸರ್ವರ್‌ಕೋಣೆ

ನಾನು ಕೇಳುವುದು ಮೂರೇ. ದುರಸ್ತಿಗೆ ಬಂದವರಿಗೆ ಕೊಟ್ಟ ಪ್ರವೇಶಾಧಿಕಾರ ನಿಗದಿತ ದಿನಕ್ಕೆ ತಾನಾಗಿ ರದ್ದಾಗಬೇಕು, ಅವರು ಮಾಡಿದ ಪ್ರತಿಯೊಂದು ಕೆಲಸದ ಲಾಗ್ ಆತಿಥೇಯ ದೇಶದ ಸುಪರ್ದಿನಲ್ಲಿ ಉಳಿಯಬೇಕು. ಮತ್ತು ಹೊರಗಿನಿಂದ ಬರುವ ತಂಡದಲ್ಲಿ ನೆರೆಯ ದ್ವೀಪದ ಒಬ್ಬರಾದರೂ ಇರಬೇಕು. ವನುವಾಟುವಿಗೆ ಹೋಗುವ ತಂಡದಲ್ಲಿ ಟೋಂಗಾದವರೊಬ್ಬರು ಕುಳಿತಿದ್ದರೆ, ಮುಂದೆ ಟೋಂಗಾದ ಸರದಿ ಬಂದಾಗ ವನುವಾಟುವಿನವರು ಹೋಗುತ್ತಾರೆ. ಮೂವರ ತಂಡದಿಂದ ಒಬ್ಬರನ್ನು ಎರಡು ವಾರ ಬಿಟ್ಟುಕೊಡುವುದು ಕಷ್ಟ, ಆ ದಿನಗಳ ಖರ್ಚನ್ನು ದೊಡ್ಡ ದೇಶ ವಹಿಸಿಕೊಳ್ಳಲಿ.

ನಿವೃತ್ತ ಬ್ಯಾಂಕರ್

ಇದಕ್ಕೆ ನನ್ನದೊಂದು ಸೇರ್ಪಡೆ. ಪ್ರತಿ ದೇಶದ ಸಂಪರ್ಕಾಧಿಕಾರಿಯ ಮತ್ತು ಅವರಿಲ್ಲದಿದ್ದಾಗ ಉತ್ತರಿಸುವವರ ಸಂಖ್ಯೆಗಳು, ಜೊತೆಗೆ ಆಯಾ ದೇಶದ ರಜಾದಿನಗಳ ಪಟ್ಟಿ, ಕಾಗದದ ಮೇಲೆ ಮುದ್ರಣವಾಗಿ ಎಲ್ಲ ಕಚೇರಿಗಳ ಗೋಡೆಯ ಮೇಲಿರಲಿ. ವರ್ಷಕ್ಕೆರಡು ಬಾರಿ, ಬೇಕೆಂದೇ ಹಬ್ಬದ ದಿನ ನೋಡಿ, ಒಬ್ಬರು ಇನ್ನೊಬ್ಬರಿಗೆ ಕರೆ ಮಾಡಿ ಯಾರು ಎತ್ತುತ್ತಾರೆಂದು ಪರೀಕ್ಷಿಸಲಿ. ವನುವಾಟುವಿನಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಮುದ್ರಿತ ದೂರವಾಣಿ ಪುಸ್ತಕವೇ ಅಲ್ಲವೇ?